ಮೇರಿಲ್ಯಾಂಡಿನ ಬಾವಿಗೆ ಪಾತಾಳಗರಡಿ

“ಎಣ್ಣೆ ಬರುತ್ತಾ?”

೨೦೦೯ರ ಬೇಸಿಗೆಯಲ್ಲಿ ನನ್ನನ್ನು ಕಂಡವರೆಲ್ಲ ಇದನ್ನೇ ಕೇಳಿದರು. ಪಕ್ಕದ ಮನೆಯವರು ಕೇಳಿದರು, ದೇವಸ್ಥಾನದ ಪಾಟ್‌ಲಕ್‌ ಊಟದಲ್ಲಿ ಸಿಕ್ಕ ಆಂಟಿಯರು ಕೇಳಿದರು, ಹಲ್ಲಿನ ಡಾಕ್ಟರಂತೂ ನನ್ನ ಬಾಯೊಳಗೆ ಕೈಯಿಟ್ಟುಕೊಂಡೇ ಕೇಳಿದರು. ಬರುವುದಿಲ್ಲ ಎಂದು ಹೇಳಿ ಹೇಳಿ ನನಗೆ ಸಾಕಾಗಿತ್ತು. ನಾವು ಕೊರೆಯುತ್ತಿದ್ದ ಹೊಲದ ಕೆಳಗೆ ಇದ್ದದ್ದು ಕೆಂಪು ಜೇಡಿಮಣ್ಣು, ಅದರ ಕೆಳಗೆ ಕೊಳೆತ ಕಲ್ಲು, ಅದರ ಕೆಳಗೆ ಬಂಡೆ. ನಮಗೆ ಬೇಕಿದ್ದದ್ದು ಆ ಬಂಡೆ, ಅಷ್ಟೆ.

ಮ್ಯೂಸಿಯಂಗಳಿಗೆ ಪ್ರದರ್ಶನದ ಯಂತ್ರಗಳನ್ನು ಮಾಡಿಕೊಡುವ ಸಣ್ಣ ವರ್ಕ್‌ಶಾಪೊಂದರಲ್ಲಿ ನಾನು ಮೆಕ್ಯಾನಿಕಲ್ ಇಂಜಿನಿಯರ್. ನಾವಿದ್ದದ್ದು ಮೇರಿಲ್ಯಾಂಡಿನ ಕ್ಲಾರ್ಕ್ಸ್‌ಬರ್ಗ್‌ನಲ್ಲಿ. ಅಲ್ಲಿಂದ ಉತ್ತರಕ್ಕೆ ಅರ್ಧ ಗಂಟೆ ಹೋದರೆ ಹಳೆಯ ಹೊಲಮನೆಯೊಂದನ್ನೇ ಮ್ಯೂಸಿಯಂ ಮಾಡಿದ್ದರು. ಪೆನ್ಸಿಲ್ವೇನಿಯಾದಲ್ಲಿ ಮೊದಲ ಎಣ್ಣೆಬಾವಿ ಕೊರೆದು ಆಗಸ್ಟ್‌ಗೆ ನೂರೈವತ್ತು ವರ್ಷ ತುಂಬುತ್ತಿತ್ತು. ಆ ಕಾಲದಲ್ಲಿ ಬಾವಿ ಹೇಗೆ ಕೊರೆಯುತ್ತಿದ್ದರು ಎಂಬುದನ್ನು ಜನರ ಕಣ್ಣೆದುರು ಕೊರೆದೇ ತೋರಿಸಬೇಕೆಂದು ಅಲ್ಲಿಯ ಕ್ಯುರೇಟರ್ ಹಟ ಹಿಡಿದಿದ್ದಳು. ನನ್ನ ಹಾಗೆಯೇ ಮೂಗಿನ ತುದಿಯಲ್ಲಿ ಸಿಟ್ಟಿಟ್ಟುಕೊಂಡ ಹೆಂಗಸು. ಅದಕ್ಕೇ ಇರಬೇಕು, ಇಬ್ಬರಿಗೂ ಸರಿಹೋಯಿತು.

ವಿಧಾನ ಸರಳ. ಉದ್ದನೆಯ ಎಳೆಯ ಮರದ ಬುಡವನ್ನು ನೆಲಕ್ಕೆ ಬಿಗಿದು, ನಡುವೆ ಒಂದು ಕವೆಗೋಲು ಕೊಟ್ಟು, ತುದಿಯನ್ನು ಬಾವಿಯ ಮೇಲೆ ತೂಗುವಂತೆ ಬಿಡುತ್ತಾರೆ. ಇದಕ್ಕೆ ಸ್ಪ್ರಿಂಗ್ ಪೋಲ್ ಎನ್ನುತ್ತಾರೆ. ನಮ್ಮ ಕಡೆಯ ಏತ ನೋಡಿದವರಿಗೆ ತಕ್ಷಣ ಅರ್ಥವಾಗುತ್ತದೆ. ತುದಿಯಿಂದ ಹಗ್ಗ, ಹಗ್ಗಕ್ಕೆ ಭಾರದ ಕಬ್ಬಿಣದ ಸಲಾಕೆ, ಸಲಾಕೆಯ ಕೆಳಗೆ ತಿರುಪು ಹಾಕಿ ಬಿಗಿದ ದೊಡ್ಡ ಉಳಿ. ಹಗ್ಗಕ್ಕೆ ಕಟ್ಟಿದ ಕುಣಿಕೆಗಳಲ್ಲಿ ಇಬ್ಬರು ಕಾಲಿಟ್ಟು ಒದ್ದರೆ ಉಳಿ ಕೆಳಗೆ ಕುಟ್ಟುತ್ತದೆ. ಕಾಲು ಸಡಿಲಿಸಿದರೆ ಮರವೇ ಮೇಲೆತ್ತುತ್ತದೆ. ಮೂರನೆಯವನು ಹಗ್ಗ ಹಿಡಿದು ಪ್ರತಿ ಪೆಟ್ಟಿಗೂ ಬಲಕ್ಕೆ ಚೂರು ತಿರುಗಿಸುತ್ತಾನೆ, ತೂತು ದುಂಡಗಾಗಲೆಂದು. ಉಪ್ಪುನೀರಿನ ಬಾವಿಗಳನ್ನು ಹೀಗೇ ಕೊರೆಯುತ್ತಿದ್ದರು. ಆ ಬಾವಿಗಳಲ್ಲಿ ಉಪ್ಪುನೀರಿನ ಜೊತೆ ಕಪ್ಪೆಣ್ಣೆ ಬಂದರೆ ಕೆಲಸ ಕೆಟ್ಟಿತೆಂದು ಬೈದುಕೊಳ್ಳುತ್ತಿದ್ದರಂತೆ. ಕೆಲವರು ಅದನ್ನೇ ಬಾಟಲಿಗೆ ತುಂಬಿ ಕೀಲುನೋವಿನ ಔಷಧಿ ಎಂದು ಮಾರಿದರು. ಅದೇ ಎಣ್ಣೆ ಮುಂದೆ ಸೀಮೆಎಣ್ಣೆಯಾಗಿ ಗದಗದಲ್ಲಿ ನಮ್ಮಜ್ಜಿಯ ಕಂದೀಲಿನ ತನಕ ಬಂತು.

ಕ್ಯುರೇಟರ್ ಒಬ್ಬ ಡ್ರಿಲ್ಲರನ್ನು ಹುಡುಕಿದ್ದಳು. ಪೆನ್ಸಿಲ್ವೇನಿಯಾದ ಬೆಟ್ಟದ ಕಡೆಯವರು, ಎಂಬತ್ತೊಂದು ವರ್ಷ. ಹಗ್ಗದಿಂದ ಕೊರೆಯುವ ಕೆಲಸ ಮುಗಿಯುವ ಕಾಲದಲ್ಲಿ ಅದನ್ನು ಕಲಿತವರು. ಬೇಸಿಗೆಗೆ ಕ್ಲಾರ್ಕ್ಸ್‌ಬರ್ಗ್‌ನಲ್ಲಿದ್ದ ಮಗಳ ಮನೆಗೆ ಬಂದಿದ್ದರು. ನಾನು ಅವರನ್ನು ಮನಸ್ಸಿನಲ್ಲಿ ಅಜ್ಜ ಎಂದೇ ಕರೆದುಕೊಂಡೆ. ಅವರ ಅಡುಗೆಮನೆಯಲ್ಲಿ ಕೂತು ನಕ್ಷೆ ಬಿಡಿಸಿದಾಗ ಅವರು ಅದರ ಕಡೆ ನೋಡಲೇ ಇಲ್ಲ.

“ಮರದ ಹಿಂದೆ ಮೋಟಾರ್ ಬಚ್ಚಿಡ್ತೀರಾ?” ಎಂದು ಕೇಳಿದರು.

“ಇಲ್ಲ.”

“ಎಲ್ಲರೂ ಇಲ್ಲ ಅಂತಲೇ ಶುರು ಮಾಡ್ತಾರೆ. ಇದು ನನ್ನ ಕೊನೇ ಬಾವಿ. ಸುಳ್ಳು ಬಾವಿಯ ಪಕ್ಕ ಗೊಂಬೆ ಥರ ನಿಲ್ಲೋಕೆ ನನ್ನಿಂದಾಗಲ್ಲ.”

“ಬಂಡೆ ಮುಟ್ಟೋ ತನಕ ಕಾಲಲ್ಲೇ ತುಳೀತೀವಿ. ಮಾತು ಕೊಡ್ತೀನಿ,” ಎಂದೆ.

ಮಾತು ಕೊಟ್ಟಾಗ ಒಂದು ವಿಷಯ ಮುಚ್ಚಿಟ್ಟಿದ್ದೆ. ಮ್ಯೂಸಿಯಂನ ಡೈರೆಕ್ಟರ್ ಒಂದು ಷರತ್ತು ಹಾಕಿದ್ದರು: ಪ್ರದರ್ಶನ ತೆರೆಯುವ ಹಿಂದಿನ ಶುಕ್ರವಾರ ಸಂಜೆಯೊಳಗೆ ಬಂಡೆ ಸಿಗಬೇಕು. ಸಿಗದಿದ್ದರೆ ಬಾವಿ ಮುಚ್ಚಿ, ಮರಕ್ಕೆ ಮೋಟಾರ್ ಹಾಕಿ ಕುಣಿಸುವುದು. ಮೋಟಾರ್ ಆಗಲೇ ಬಂದು ಹೊಲಮನೆಯ ಕಣಜದ ಮೂಲೆಯಲ್ಲಿ ಪೆಟ್ಟಿಗೆ ಸಮೇತ ಕೂತಿತ್ತು. ನಾನು ಬೆಳಿಗ್ಗೆ ಹೋದ ಕೂಡಲೇ ಕಣ್ಣಿಗೆ ಬೀಳುತ್ತಿದ್ದದ್ದು ಅದೇ ಪೆಟ್ಟಿಗೆ.

ಜುಲೈ ಮೊದಲ ವಾರ ಕೌಂಟಿಯ ಪರ್ಮಿಟ್ ಬಂತು. ನಲವತ್ತು ಅಡಿಗಿಂತ ಆಳ ಹೋಗಬಾರದು, ಕೆಲಸ ಮುಗಿದ ಮೇಲೆ ಸುತ್ತ ಸಿಮೆಂಟ್ ತುಂಬಬೇಕು, ಇತ್ಯಾದಿ. ಮೊದಲೇ ಪರೀಕ್ಷೆ ಮಾಡಿದ್ದವರು ಮೂವತ್ತಮೂರು ಅಡಿಯ ಸುಮಾರಿಗೆ ಬಂಡೆ ಇದೆ ಎಂದು ಬರೆದುಕೊಟ್ಟಿದ್ದರು. ಒದೆಯಲು ಇಬ್ಬರು ವಾಲಂಟಿಯರ್ ಬಂದರು. ಒಬ್ಬ ರಿಟೈರಾದ ಪೋಸ್ಟ್‌ಮ್ಯಾನ್, ಇನ್ನೊಬ್ಬಳು ರಜೆಯಲ್ಲಿದ್ದ ಸ್ಕೂಲ್ ಟೀಚರ್.

ಹಗ್ಗ ತರಿಸಿದವಳು ನಾನು. ಒಳ್ಳೆಯ ನಾರಿನ ಹಗ್ಗ, ಮಣಿಕಟ್ಟಿನ ದಪ್ಪ, ನಮಗೆ ಬೇಕಾದುದರ ಹತ್ತು ಪಟ್ಟು ಭಾರ ತಡೆಯುವಂಥದ್ದು. ಲೆಕ್ಕವನ್ನೆಲ್ಲ ಮಾಡಿ ಒಂದು ಹಾಳೆಯಲ್ಲಿ ಬರೆದಿಟ್ಟಿದ್ದೆ. ಅಜ್ಜ ಮೊದಲ ದಿನವೇ ಅದನ್ನು ಹಿಡಿದು, ನಾಲ್ಕೈದು ಪೆಟ್ಟು ಹಾಕಿಸಿ ನಿಲ್ಲಿಸಿದರು.

“ಈ ಹಗ್ಗ ನನ್ನ ಕೈಗೆ ಎದುರು ನಿಲ್ತಿದೆ,” ಎಂದರು.

“ಹೊಸದಲ್ವಾ, ಪಳಗುತ್ತೆ ಬಿಡಿ,” ಎಂದೆ.

“ಹೊಸದು ಅಂತಲ್ಲ.”

“ಹತ್ತು ಪಟ್ಟು ಸ್ಟ್ರಾಂಗ್ ಇದೆ,” ಎಂದು ನನ್ನ ಹಾಳೆ ತೋರಿಸಿದೆ. ಅವರು ಹಾಳೆ ನೋಡಿ, ನನ್ನ ಮುಖ ನೋಡಿ, ಕುಣಿಕೆಯ ಹತ್ತಿರ ನಿಂತಿದ್ದವರಿಗೆ ಒದೆಯಿರಿ ಎಂದು ಕೈ ಮಾಡಿದರು. ಅಷ್ಟಕ್ಕೇ ಮಾತು ಮುಗಿಯಿತು. ನನಗೆ ಗೆದ್ದ ಹಾಗೆ ಅನಿಸಿತ್ತು ಬೇರೆ.

ಒಂಬತ್ತು ಅಡಿಗೆ ನೀರು ಬಂತು, ಗೋಡೆ ಕುಸಿಯತೊಡಗಿತು. ಬೆಳಿಗ್ಗೆ ಕೊರೆದದ್ದು ಮಧ್ಯಾಹ್ನದೊಳಗೆ ತುಂಬಿಕೊಳ್ಳುತ್ತಿತ್ತು. ಇದಕ್ಕೆ ನಾವು ಸಿದ್ಧರಾಗಿದ್ದೆವು. ಪೆನ್ಸಿಲ್ವೇನಿಯಾದ ಆ ಮೊದಲ ಬಾವಿಗೂ ಇದೇ ಗತಿಯಾಗಿತ್ತು. ಊರವರು ಹುಚ್ಚನೆಂದು ನಗುತ್ತಿದ್ದಾಗ ಅದನ್ನು ಕೊರೆಸುತ್ತಿದ್ದಾತ ಕಬ್ಬಿಣದ ಕೊಳವೆಯನ್ನು ಮಣ್ಣಿನ ಮೂಲಕ ಕೆಳಕ್ಕೆ ಹೊಡೆಸಿ, ಅದರೊಳಗೆ ಉಳಿ ಇಳಿಸಿದ. ಇವತ್ತಿಗೂ ಎಣ್ಣೆಬಾವಿ ಕೊರೆಯುವವರು ಮೊದಲು ಕೊಳವೆ ಇಳಿಸುವುದು ಅದೇ ಕಾರಣಕ್ಕೆ. ನಾವೂ ಆರಿಂಚಿನ ಕೊಳವೆ ನಿಲ್ಲಿಸಿ, ಹಗ್ಗ ಕಟ್ಟಿದ ಮರದ ದಿಮ್ಮಿಯನ್ನು ಎತ್ತಿ ಎತ್ತಿ ಅದರ ತಲೆಗೆ ಬಡಿದೆವು. ನಾಲ್ಕು ದಿನ ಬೇಕಾಯಿತು. ಪೋಸ್ಟ್‌ಮ್ಯಾನ್‌ಗೆ ಭುಜ ಹಿಡಿದುಕೊಂಡಿತು, ನನ್ನ ಅಂಗೈಯಲ್ಲಿ ಬೊಬ್ಬೆ ಎದ್ದವು. ಹತ್ತೊಂಬತ್ತು ಅಡಿಗೆ ಕೊಳವೆ ಕೊಳೆತ ಕಲ್ಲಿನಲ್ಲಿ ಗಟ್ಟಿಯಾಗಿ ಕೂತಿತು. ಮೇಲಿನ ಮಣ್ಣು, ನೀರು ಎರಡೂ ಹೊರಗೇ ಉಳಿದವು. ಆ ದಿನ ಅಜ್ಜ ಮೊದಲ ಸಲ ನಕ್ಕರು.

ಅಲ್ಲಿಂದ ಮುಂದೆ ಕೆಲಸಕ್ಕೊಂದು ಲಯ ಬಂತು. ಒದೆಯುವುದು, ತಿರುಗಿಸುವುದು, ಗಂಟೆಗೊಮ್ಮೆ ಉಳಿ ಮೇಲೆತ್ತಿ, ತಳದಲ್ಲಿ ಬಾಗಿಲಿರುವ ಉದ್ದ ಡಬ್ಬಿ ಇಳಿಸಿ ಕೆಸರು ತೆಗೆಯುವುದು. ಅಜ್ಜನ ಕೈ ಹಗ್ಗ ಬಿಡುತ್ತಿರಲಿಲ್ಲ. ಕಣ್ಣು ಮುಚ್ಚಿಕೊಂಡು ನಿಂತು, “ಈಗ ಮೆತ್ತಗಿದೆ”, “ಈಗೊಂದು ಕಲ್ಲು, ಎಡಗಡೆ” ಎನ್ನುತ್ತಿದ್ದರು. ಕೆಸರಿನ ಡಬ್ಬಿ ಮೇಲೆ ಬಂದಾಗ ಅವರು ಹೇಳಿದ್ದೇ ಇರುತ್ತಿತ್ತು. ನಾನು ಆ ಹಗ್ಗಕ್ಕೆ ಒಂದು ಸೆನ್ಸರ್ ಕಟ್ಟಬೇಕೆಂದಿದ್ದೆ. ನಾಚಿಕೆಯಾಗಿ ಅದನ್ನು ಚೀಲದಿಂದ ತೆಗೆಯಲೇ ಇಲ್ಲ.

ಇಪ್ಪತ್ತಾರು ಅಡಿಯಲ್ಲಿದ್ದಾಗ ಒಂದು ಮಂಗಳವಾರ ಅವರ ಮುಖ ಬದಲಾಯಿತು. “ನಿಲ್ಲಿಸಿ” ಎಂದರು. ಹಗ್ಗ ಎಳೆದಾಗ ಅದು ಸಲೀಸಾಗಿ ಮೇಲೆ ಬಂತು. ಅಷ್ಟು ಸಲೀಸಾಗಿ ಬರಬಾರದಿತ್ತು. ಸಲಾಕೆ ಬಂತು, ಅದರ ಕೆಳಗೆ ಇರಬೇಕಿದ್ದ ಉಳಿ ಇಲ್ಲ. ಬಾವಿಯ ತಳದಲ್ಲಿ ಉಳಿದುಬಿಟ್ಟಿತ್ತು. ಡೈರೆಕ್ಟರ್ ಹೇಳಿದ್ದ ಶುಕ್ರವಾರಕ್ಕೆ ಉಳಿದಿದ್ದದ್ದು ಹತ್ತು ದಿನ.

ಹೀಗೆ ಬಿದ್ದದ್ದನ್ನು ಎತ್ತುವುದಕ್ಕೆ ಡ್ರಿಲ್ಲರ್‌ಗಳು ಮೀನು ಹಿಡಿಯುವುದು ಎನ್ನುತ್ತಾರೆ. ಮ್ಯೂಸಿಯಂನ ಸಂಗ್ರಹದಲ್ಲಿ ಅದಕ್ಕೊಂದು ಹಳೆಯ ಸಾಧನವಿತ್ತು, ಬಾಯಿ ಅಗಲವಾದ ಕಬ್ಬಿಣದ ಲಾಳಿಕೆ. ಉಳಿಯ ತಲೆಯ ಮೇಲೆ ಅದನ್ನು ಕುಟ್ಟಿ ಕೂರಿಸಿದರೆ ಕಚ್ಚಿಕೊಳ್ಳಬೇಕು. ಎರಡು ದಿನ ಪ್ರಯತ್ನಿಸಿದೆವು. ಉಳಿ ಗೋಡೆಗೆ ಒರಗಿ ನಿಂತಿತ್ತು, ಲಾಳಿಕೆ ಪಕ್ಕದಲ್ಲೇ ಜಾರಿ ಹೋಗುತ್ತಿತ್ತು. ಗುರುವಾರ ಡೈರೆಕ್ಟರ್ ಬಂದು ಬಾವಿಯೊಳಗೆ ಟಾರ್ಚ್ ಬಿಟ್ಟು ನೋಡಿದರು. ಕಣಜಕ್ಕೆ ಹೋಗಿ ಮೋಟಾರಿನ ಪೆಟ್ಟಿಗೆಯ ಟೇಪ್ ಕತ್ತರಿಸಿದರು. ಆ ಕರ್ರೆನ್ನುವ ಸದ್ದು ನನಗೂ ಕೇಳಿಸಿತು, ಅಜ್ಜನಿಗೂ ಕೇಳಿಸಿತು.

“ಅದೇನು ಪೆಟ್ಟಿಗೆ?” ಎಂದು ಕೇಳಿದರು.

ಹೇಳಿದೆ. ಷರತ್ತನ್ನೂ ಹೇಳಿದೆ. ಅವರು ಟೋಪಿ ತೆಗೆದು ಹಣೆ ಒರೆಸಿಕೊಂಡು, “ಹಾಗಾದ್ರೆ ಮುಂದಿನ ಶುಕ್ರವಾರದ ತನಕ ಬರ್ತೀನಿ,” ಎಂದಷ್ಟೇ ಹೇಳಿ ಕಾರಿನ ಕಡೆ ನಡೆದರು. ಬೈದಿದ್ದರೆ ಹಗುರಾಗುತ್ತಿತ್ತು.

ಆ ಸಂಜೆ ಮನೆಯಲ್ಲಿ ತಟ್ಟೆಯ ಮುಂದೆ ಕೂತು ರೊಟ್ಟಿ ಮುರಿಯುತ್ತಿದ್ದೆನೇ ಹೊರತು ತಿನ್ನುತ್ತಿರಲಿಲ್ಲ. ಗದಗದ ಹತ್ತಿರದ ಹಳ್ಳಿಯಿಂದ ನಮ್ಮ ಅತ್ತೆ ಆರು ತಿಂಗಳಿಗೆಂದು ಬಂದಿದ್ದರು. ಎಪ್ಪತ್ತರ ಹತ್ತಿರ ವಯಸ್ಸು, ನಾಲಿಗೆ ಮಾತ್ರ ಇಪ್ಪತ್ತರದು.

“ಏನವಾ, ಎಣ್ಣಿ ಬರಲಿಲ್ಲಂತ ಇಷ್ಟ್ಯಾಕ ಮಾರಿ ಸಣ್ಣದ ಮಾಡೀ?”

“ಎಣ್ಣಿ ಅಲ್ರೀ ಅತ್ತಿ. ಉಳಿ ಬಾವ್ಯಾಗ ಬಿದ್ದೈತಿ. ಎರಡ ದಿನ ಆತು, ಬರವಲ್ದು.”

“ಬಿದ್ದ್ರ? ಪಾತಾಳಗರಡಿ ಬಿಡೂದ ಬಿಟ್ಟು ಎರಡ ದಿನ ಏನ ಮಾಡಿದ್ರಿ?”

ಪಾತಾಳಗರಡಿ! ಬಾವಿಗೆ ಬಿದ್ದ ಕೊಡ, ಬಕೆಟ್ ಎತ್ತುವ ಕೊಕ್ಕೆಗಳ ಗೊಂಚಲು. ಮೂವತ್ತು ವರ್ಷ ನನ್ನ ತಲೆಯಲ್ಲೇ ಇದ್ದ ವಸ್ತು, ಇಂಜಿನಿಯರಿಂಗ್ ಓದಿದ ಮೇಲೆ ಒಮ್ಮೆಯೂ ನೆನಪಾಗಿರಲಿಲ್ಲ. ಅತ್ತೆಗೆ ಹುರುಪು ಬಂತು. ಅವರೂರಿನ ಓಣಿಗೆಲ್ಲ ಒಂದೇ ಗರಡಿ, ಅದು ಅವರ ಮನೆಯಲ್ಲೇ ಇತ್ತಂತೆ. ಒಯ್ಯಲು ಬಂದವರು ಒಂದು ಪಾತ್ರೆ ಇಟ್ಟೇ ಒಯ್ಯಬೇಕು, ಇಲ್ಲದಿದ್ದರೆ ಗರಡಿ ವಾಪಸ್ ಬರುವುದಿಲ್ಲ.

“ಒಮ್ಮೊಮ್ಮೆ ನಮ್ಮ ಪಡಸಾಲ್ಯಾಗ ಊರಾಗಿನ ಚರಗಿ ಎಲ್ಲಾ ಇರ್ತಿದ್ವು,” ಎಂದು ನಕ್ಕರು. “ಮತ್ತ ಗರಡಿ ಬಿಟ್ಟ ಕೂಡಲೇ ಎಳೀಬಾರದು. ಹಗ್ಗ ಮಾತಾಡ್ತೈತಿ, ಮೊದಲ ಕೇಳಬೇಕು.”

ನಾನು ರೊಟ್ಟಿ ಬಿಟ್ಟು ಅವರನ್ನೇ ನೋಡಿದೆ. ಕಣ್ಣು ಮುಚ್ಚಿ ಹಗ್ಗ ಹಿಡಿದು ನಿಲ್ಲುವ ಇನ್ನೊಬ್ಬರು ಕಣ್ಮುಂದೆ ಬಂದರು.

ಮರುದಿನ ವರ್ಕ್‌ಶಾಪಿನಲ್ಲಿ ಹೆಬ್ಬೆರಳ ದಪ್ಪದ ಸರಳನ್ನು ಕಾಯಿಸಿ ಬಗ್ಗಿಸಿ ಮೂರು ಕೊಕ್ಕೆ ಮಾಡಿದೆ. ಮೂರನ್ನೂ ಬೆನ್ನಿಗೆ ಬೆನ್ನು ಕೊಟ್ಟು ಬೆಸೆದು, ಮೇಲೊಂದು ಬಳೆ ಹಾಕಿದೆ. ಒಟ್ಟು ಅಗಲ ಐದಿಂಚು, ಕೊಳವೆಯಲ್ಲಿ ಇಳಿಯುವಂತೆ. ಉಳಿಯ ತಲೆ ದಪ್ಪ, ಅದರ ಕೆಳಗೆ ಪಾನಾ ಹಿಡಿಯಲೆಂದು ಕುತ್ತಿಗೆಯಂತೆ ಸಣ್ಣಗೆ ಮಾಡಿರುತ್ತಾರೆ. ಅಲ್ಲಿ ಒಂದೇ ಒಂದು ಕೊಕ್ಕೆ ಸಿಕ್ಕರೆ ಸಾಕಿತ್ತು.

ಶನಿವಾರ ಬೆಳಿಗ್ಗೆ ಅತ್ತೆಯನ್ನೂ ಕರೆದುಕೊಂಡೇ ಹೋದೆ. ಇಳಕಲ್ ಸೀರೆ, ಮೇಲೆ ನನ್ನ ಗಂಡನ ಸ್ವೆಟರ್, ಕಾಲಿಗೆ ಸ್ನೀಕರ್ಸ್. ಕ್ಯುರೇಟರ್ ಗರಡಿಯನ್ನು ತಿರುಗಿಸಿ ನೋಡಿ ಹುಬ್ಬು ಗಂಟಿಕ್ಕಿದಳು.

“ಪೆನ್ಸಿಲ್ವೇನಿಯಾ ಮಾದರಿಯ ಬಾವಿಗೆ ಇಂಡಿಯಾದ ಕೊಕ್ಕೆನಾ? ಲೇಬಲ್‌ನಲ್ಲಿ ಏನು ಬರೀಲಿ?”

ಉತ್ತರ ಕೊಟ್ಟದ್ದು ಅಜ್ಜ. “ಒಳಗೆ ಏನು ಬಿತ್ತೋ ಅದಕ್ಕೆ ತಕ್ಕ ಹಾಗೆ ಅಲ್ಲೇ ಕಮ್ಮಾರನ ಹತ್ರ ಮಾಡಿಸ್ಕೋತಿದ್ವಿ. ಎಣ್ಣೆ ಚಿಮ್ಮಿದ ದಿನದ ಫೋಟೋ ಎಲ್ಲರೂ ಇಟ್ಕೊಂಡಿದಾರೆ. ವರ್ಷದಲ್ಲಿ ಅರ್ಧದಷ್ಟು ದಿನ ನಾವು ಮಾಡ್ತಿದ್ದಿದ್ದು ಇದನ್ನೇ, ಬಿದ್ದಿದ್ದು ಎತ್ತೋದು. ಅದನ್ನೇ ಬರಿ.”

ಗರಡಿಯನ್ನು ಕೊರೆಯುವ ಹಗ್ಗಕ್ಕೇ ಕಟ್ಟಿ ಇಳಿಸಿದೆವು. ಅಜ್ಜ ಹಗ್ಗ ಹಿಡಿದರು. ಅತ್ತೆ ಯಾರನ್ನೂ ಕೇಳದೆ ಎದುರು ಹೋಗಿ ನಿಂತು, ಅವರ ಕೈಯ ಕೆಳಗೆ ತಮ್ಮ ಕೈಯಿಟ್ಟರು. ಅಜ್ಜ ಬೆಚ್ಚಿ ನನ್ನ ಕಡೆ ನೋಡಿದರು.

“ನಮ್ಮ ಅತ್ತೆ. ಇವರೂ ಡ್ರಿಲ್ಲರೇ ಅಂದ್ಕೊಳ್ಳಿ,” ಎಂದೆ.

ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಆದರೂ ಅರ್ಧ ಗಂಟೆ ಅವರಿಬ್ಬರ ಕೈ ಜಗಳವಿಲ್ಲದೆ ಕೆಲಸ ಮಾಡಿದವು. ಅತ್ತೆ ಹಗ್ಗವನ್ನು ಮೆಲ್ಲಗೆ ಆಡಿಸುವರು, ಅಜ್ಜ ತಲೆಯಾಡಿಸುವರು. ಒಮ್ಮೆ ಅಜ್ಜ ಎಳೆಯಹೋದಾಗ ಅತ್ತೆ ಅವರ ಮಣಿಕಟ್ಟಿಗೆ ಫಟ್ಟನೆ ಹೊಡೆದು, “ತಡೀರಿ ಅಂದ್ರ!” ಎಂದರು. ಟೀಚರ್ ಬಾಯಿ ಮುಚ್ಚಿಕೊಂಡು ನಕ್ಕಳು. ಅಜ್ಜ ತೆಪ್ಪಗೆ ನಿಂತರು. ಆಮೇಲೆ ಇಬ್ಬರ ಮುಖವೂ ಒಟ್ಟಿಗೇ ಅರಳಿತು.

“ಸಿಕ್ತು,” ಎಂದರು ಅಜ್ಜ. “ಕೊಕ್ಕಿ ಬಿತ್ತು ನೋಡು,” ಎಂದರು ಅತ್ತೆ.

ಕೈಯಲ್ಲಿ ಎಳೆಯದೆ, ಹಗ್ಗವನ್ನು ಬಿಗಿಯಾಗಿ ಮರಕ್ಕೆ ಕಟ್ಟಿ, ಮರವೇ ಎಳೆಯುವಂತೆ ಮಾಡಿದೆವು. ಬಾವಿಗೆ ನೀರು ಹೊಯ್ದು ಕೆಸರು ಸಡಿಲಿಸಿ, ಮೆಲ್ಲಗೆ ಒದ್ದು ಬಿಟ್ಟು, ಒದ್ದು ಬಿಟ್ಟು. ಹತ್ತಿಪ್ಪತ್ತು ಸಲದ ಮೇಲೆ ಕೆಳಗೆ ಏನೋ ಲೊಚಕ್ಕೆಂದಿತು, ಮರ ಮೇಲಕ್ಕೆ ನೆಗೆಯಿತು. ಐದು ನಿಮಿಷದಲ್ಲಿ ಉಳಿ ಕೊಳವೆಯ ಬಾಯಿಂದ ಹೊರಗೆ ಬಂದು, ಒಂದೇ ಕೊಕ್ಕೆಗೆ ಕುತ್ತಿಗೆ ಕೊಟ್ಟು ತೂಗಾಡಿತು. ಪೋಸ್ಟ್‌ಮ್ಯಾನ್ ಕೇಕೆ ಹಾಕಿದ. ನಾನೂ ಹಾಕಿದೆ.

ಆಮೇಲೆ ಕಣ್ಣಿಗೆ ಬಿತ್ತು. ಗಾಳಿಯಲ್ಲಿ ತೂಗುತ್ತಿದ್ದ ಉಳಿ ತನ್ನಷ್ಟಕ್ಕೆ ತಿರುಗತೊಡಗಿತ್ತು. ಎಡಕ್ಕೆ. ಒಂದು ಸುತ್ತು, ಎರಡು ಸುತ್ತು, ಎಡಕ್ಕೇ.

“ಹೊಸಾ ಹಗ್ಗಕ್ಕ ಸೊಕ್ಕ ಇರ್ತೈತಿ,” ಎಂದರು ಅತ್ತೆ. “ಕೊಡಾ ಹಿಂಗ ತಿರುಗ್ತದ, ನೀರು ಚೆಲ್ತದ.”

ನಾನು ಓಡಿಹೋಗಿ ಉಳಿಯ ತಿರುಪು ಒರೆಸಿ ನೋಡಿದೆ. ಒಂದು ಎಳೆಯೂ ಮುರಿದಿರಲಿಲ್ಲ. ಉಳಿ ಮುರಿದು ಬಿದ್ದಿರಲಿಲ್ಲ, ತಿರುಪು ಬಿಚ್ಚಿಕೊಂಡು ಬಿದ್ದಿತ್ತು. ಬಿಚ್ಚಿದ್ದು ನನ್ನ ಹಗ್ಗ. ಅಂಗಡಿಯಲ್ಲಿ ಸಿಗುವ ಹಗ್ಗವೆಲ್ಲ ಬಲಕ್ಕೆ ಹೊಸೆದದ್ದು. ಭಾರ ಬಿದ್ದಾಗ ಆ ಹೊಸೆತ ಸಡಿಲಾಗಿ ತುದಿ ಎಡಕ್ಕೆ ತಿರುಗುತ್ತದೆ. ತಿರುಪು ಬಿಗಿಯುವುದು ಬಲಕ್ಕೆ, ಬಿಚ್ಚುವುದು ಎಡಕ್ಕೆ. ಅಜ್ಜ ಪ್ರತಿ ಪೆಟ್ಟಿಗೂ ಬಲಕ್ಕೆ ಬಿಗಿಯುತ್ತಿದ್ದರು, ನನ್ನ ಹಗ್ಗ ಪ್ರತಿ ಪೆಟ್ಟಿಗೂ ಅದನ್ನು ಬಿಚ್ಚುತ್ತಿತ್ತು. ಹಗ್ಗ ಎಷ್ಟು ಭಾರ ಹೊರುತ್ತದೆ ಎಂದು ಲೆಕ್ಕ ಹಾಕಿದ್ದೆ, ಯಾವ ಕಡೆ ತಿರುಗುತ್ತದೆ ಎಂದು ನೋಡಿರಲಿಲ್ಲ. ಅಜ್ಜ ಮೊದಲ ದಿನವೇ ಹೇಳಿದ್ದರು.

“ನೀವು ಹೇಳಿದ್ರಿ. ನಾನು ಕೇಳಲಿಲ್ಲ. ತಪ್ಪು ನಂದು,” ಎಂದೆ. ಎಲ್ಲರ ಮುಂದೆಯೇ ಹೇಳಿದೆ.

“ನಾನೂ ಸರಿಯಾಗಿ ಹೇಳಲಿಲ್ಲ,” ಎಂದರು ಅಜ್ಜ. “ಎಡಕ್ಕೆ ಹೊಸೆದ ಹಗ್ಗ ಬಿಟ್ಟು ಬೇರೆ ನಾನು ಮುಟ್ಟೇ ಇರಲಿಲ್ಲ. ಹಾಗಾಗಿ ಏನು ತಪ್ಪು ಅಂತ ಬಾಯಲ್ಲಿ ಹೇಳೋಕೆ ಬರಲಿಲ್ಲ, ಕೈಗೆ ಮಾತ್ರ ಗೊತ್ತಿತ್ತು.”

ಮುಂದೇನು? ಎಡಹೊಸೆತದ ಹಗ್ಗಕ್ಕೆ ಅಲ್ಲಿಂದಲೇ ಆರು ಕಡೆ ಫೋನ್ ಮಾಡಿದೆ. ಮಾಡಿಕೊಡುತ್ತೇವೆ, ಮೂರು ವಾರ ಬೇಕು ಎಂದವರೇ ಎಲ್ಲ. ತಿರುಪನ್ನೇ ವೆಲ್ಡ್ ಮಾಡಿಬಿಡೋಣ ಎಂದ ಪೋಸ್ಟ್‌ಮ್ಯಾನ್. ಹಾಗೆ ಮಾಡಿದರೆ ಉಳಿ ಬಿಚ್ಚಿ ಸಾಣೆ ಹಿಡಿಯುವಂತಿಲ್ಲ, ಬಂಡೆಯ ಹತ್ತಿರ ಮೊಂಡು ಉಳಿಯಿಂದ ಏನೂ ಆಗದು. ಅದೇ ಹಗ್ಗದಲ್ಲಿ ಕೊರೆಯುತ್ತ ಹತ್ತು ನಿಮಿಷಕ್ಕೊಮ್ಮೆ ಮೇಲೆತ್ತಿ ಬಿಗಿಯೋಣ ಎಂದಳು ಕ್ಯುರೇಟರ್. ಅದು ಆಗಬಹುದಿತ್ತು, ಆದರೆ ಶುಕ್ರವಾರದೊಳಗೆ ಏಳು ಅಡಿ ಆಗುತ್ತಿರಲಿಲ್ಲ.

ನಾನು ಉಳಿಯ ಪಕ್ಕ ಹುಲ್ಲಿನ ಮೇಲೆ ಕೂತು ಹಗ್ಗದ ತುದಿಯನ್ನು ಬಿಡಿಸುತ್ತಿದ್ದೆ. ಮೂರು ಎಳೆ. ಪ್ರತಿ ಎಳೆಯನ್ನು ಒಂದು ಕಡೆಗೆ ಹುರಿಮಾಡಿ, ಮೂರನ್ನೂ ಕೂಡಿಸಿ ಎದುರು ಕಡೆಗೆ ಹೊಸೆದರೆ ಹಗ್ಗ. ಹಾಗಾದರೆ ಬಲಕ್ಕೆ ಹೊಸೆದ ಮೂರು ತೆಳು ಹಗ್ಗಗಳನ್ನೇ ಎಳೆ ಮಾಡಿಕೊಂಡು ಕೂಡಿಸಿ ಹೊಸೆದರೆ? ಅದು ತಾನಾಗಿಯೇ ಎಡಕ್ಕೆ ಕೂರಲೇಬೇಕು.

“ನಾವೇ ಹೊಸೆಯೋಣ. ಎರಡು ದಿನ ಸಾಕು,” ಎಂದೆ.

“ಇರೋದೇ ಆರು ದಿನ,” ಎಂದಳು ಕ್ಯುರೇಟರ್. “ಅದರಲ್ಲಿ ಎರಡು ದಿನ ಒಂದು ಅಂಗುಲವೂ ಕೊರೆಯದೆ?”

“ಹೌದು.”

ಅವಳು ಅಜ್ಜನ ಕಡೆ ತಿರುಗಿದಳು. ಅಜ್ಜ ನನ್ನನ್ನೇ ನೋಡುತ್ತ, “ಇಂಜಿನಿಯರ್ ಹೇಳಿದ ಹಾಗೆ,” ಎಂದರು. ಇಡೀ ಬೇಸಿಗೆಯಲ್ಲಿ ನನಗೆ ಅದಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸಿದ ಮಾತು ಇನ್ನೊಂದಿಲ್ಲ.

ಅವರು ಆ ಸಂಜೆ ಗರಡಿಯನ್ನು ಮಗಳಿಗೆ ತೋರಿಸಬೇಕೆಂದು ಕೈಗೆತ್ತಿಕೊಂಡರು. ಅತ್ತೆ ಅಡ್ಡ ನಿಂತು ಅಂಗೈ ಚಾಚಿದರು. ಪಾತ್ರೆ ಇಡಬೇಕು ಎಂದು ನಾನು ವಿವರಿಸಿದೆ. ಅಜ್ಜ ಗಂಭೀರವಾಗಿ ಕಾರಿಗೆ ಹೋಗಿ, ತಾವು ದಿನವೂ ಕಾಫಿ ಕುಡಿಯುವ ನೀಲಿ ತಗಡಿನ ಕಪ್ಪನ್ನು ತಂದು ಅತ್ತೆಯ ಕೈಗಿಟ್ಟರು. ಮರುದಿನ ಗರಡಿ ತಂದು ಕಪ್ಪು ಬಿಡಿಸಿಕೊಂಡರು. ಆಮೇಲೆ ಗರಡಿ ತೂಗುಹಾಕಲು ಕವೆಗೋಲಿಗೆ ತಾವೇ ಒಂದು ದೊಡ್ಡ ಮೊಳೆ ಹೊಡೆದರು.

ಭಾನುವಾರ, ಸೋಮವಾರ ಹಗ್ಗ ಹೊಸೆದೆವು. ಒಂದು ಹಲಗೆಗೆ ಮೂರು ಕೊಕ್ಕೆ, ಕೊಕ್ಕೆಗಳ ಹಿಡಿಕೆಗಳನ್ನೆಲ್ಲ ಇನ್ನೊಂದು ಹಲಗೆಗೆ ಸೇರಿಸಿದ್ದೆ. ಅದನ್ನು ಗುಂಡಗೆ ಆಡಿಸಿದರೆ ಮೂರೂ ಒಟ್ಟಿಗೆ ತಿರುಗಬೇಕು. ಮೂರು ತೆಳು ಹಗ್ಗಗಳನ್ನು ಹುಲ್ಲುಹಾಸಿನ ಆಚೆ ತುದಿಯ ತನಕ ಎಳೆದು, ಅಲ್ಲಿ ಕಲ್ಲು ಹೇರಿದ ಒಂದು ಜಾರುಬಂಡಿಗೆ ಒಟ್ಟಿಗೆ ಕಟ್ಟಿದೆವು. ಹೊಸೆದಂತೆಲ್ಲ ಹಗ್ಗ ಗಿಡ್ಡವಾಗುತ್ತದೆ, ಬಂಡಿ ಮುಂದೆ ಜರುಗುತ್ತದೆ. ಮೂರು ಗೀರುಗಳಿದ್ದ ಮರದ ಬುಗುರಿಯಂಥದೊಂದನ್ನು ನಡುವೆ ಹಿಡಿದು ಅಜ್ಜ ಹೆಜ್ಜೆ ಹೆಜ್ಜೆಯಾಗಿ ನಡೆದರು. ಅವರ ಬೆನ್ನ ಹಿಂದೆ ಮೂರು ಹಗ್ಗ ಒಂದಾಗಿ ಎಡಕ್ಕೆ ಕೂರುತ್ತ ಬಂತು. ಮೊದಲ ಸಲ ಟೀಚರ್ ಹುಮ್ಮಸ್ಸಿನಲ್ಲಿ ಜೋರಾಗಿ ತಿರುಗಿಸಿ ಇಡೀ ಹಗ್ಗ ಗಂಟುಗಂಟಾಯಿತು. ಭಾನುವಾರವೆಲ್ಲ ಅದನ್ನು ಬಿಡಿಸುವುದರಲ್ಲೇ ಹೋಯಿತು. ಅತ್ತೆ ಮಡಚುವ ಕುರ್ಚಿಯಲ್ಲಿ ಕೂತು, “ಅವಸರ ಮಾಡಬ್ಯಾಡ್ರಿ, ಅವಸರ ಮಾಡಬ್ಯಾಡ್ರಿ” ಎನ್ನುತ್ತಲೇ ಇದ್ದರು. ಸೋಮವಾರ ಸಂಜೆ ಅರವತ್ತು ಅಡಿ ಹಗ್ಗ ಸಿದ್ಧವಾಯಿತು. ಉಳಿ ಕಟ್ಟಿ ತೂಗುಬಿಟ್ಟೆವು. ಅದು ಒಂದು ಕ್ಷಣ ಯೋಚಿಸಿದಂತೆ ನಿಂತು, ಬಲಕ್ಕೆ ತಿರುಗಿತು. ನಾನು ಅಜ್ಜನನ್ನು ತಬ್ಬಿಕೊಂಡುಬಿಟ್ಟೆ.

ಮಂಗಳವಾರದಿಂದ ಕೊರೆತದ ಸದ್ದೇ ಬೇರೆಯಾಯಿತು. ಹಗ್ಗ ಈಗ ಅಜ್ಜನ ಕೈಯ ಜೊತೆಗಿತ್ತು. ತೂತು ದುಂಡಗೆ, ನೆಟ್ಟಗೆ ಇಳಿಯಿತು. ಮಂಗಳವಾರ ಇಪ್ಪತ್ತೆಂಟು ಅಡಿ, ಬುಧವಾರ ಮೂವತ್ತು. ಗುರುವಾರ ಮಧ್ಯಾಹ್ನ ಗುಡುಗು ಬಂದು ಕೆಲಸ ನಿಂತು, ಮೂವತ್ತೊಂದೂವರೆಗೇ ಉಳಿದೆವು. ಡೈರೆಕ್ಟರ್ ಮೋಟಾರನ್ನು ಪೆಟ್ಟಿಗೆಯಿಂದ ತೆಗೆಸಿ ಬಾವಿಯ ಹತ್ತಿರ ತಂದಿರಿಸಿದರು. ಅವರದೂ ತಪ್ಪಲ್ಲ, ಸೋಮವಾರ ಬಾಗಿಲು ತೆರೆಯಬೇಕಿತ್ತು.

ಶುಕ್ರವಾರ ಬೆಳಿಗ್ಗೆ ಏಳಕ್ಕೇ ಶುರು ಮಾಡಿದೆವು. ಪೋಸ್ಟ್‌ಮ್ಯಾನ್, ಟೀಚರ್, ನಾನು, ಕ್ಯುರೇಟರ್ ಸರದಿಯ ಮೇಲೆ ಒದ್ದೆವು. ಮೂವತ್ತಮೂರು ಅಡಿ ದಾಟಿದೆವು, ಬಂಡೆಯಿಲ್ಲ. ಮೂವತ್ತನಾಲ್ಕು, ಇಲ್ಲ. ಊಟಕ್ಕೆ ಯಾರೂ ಏಳಲಿಲ್ಲ. ಪರೀಕ್ಷೆ ಮಾಡಿದವರ ಲೆಕ್ಕವೇ ತಪ್ಪಿರಬಹುದು ಎಂದುಕೊಳ್ಳುತ್ತಲೇ ಒದ್ದೆ. ಮೂರು ಗಂಟೆ ಸುಮಾರಿಗೆ ಅಜ್ಜ ಕಣ್ಣು ತೆರೆದರು. ನನ್ನನ್ನು ಕುಣಿಕೆಯಿಂದ ಇಳಿಯಲು ಹೇಳಿ, ಹತ್ತಿರ ಕರೆದು, ತಮ್ಮ ಕೈ ತೆಗೆದು ಹಗ್ಗದ ಮೇಲೆ ನನ್ನ ಕೈ ಇಟ್ಟರು.

“ಕೇಳು.”

ಅಷ್ಟು ದಿನ ಹಗ್ಗ ಹಿಡಿದಾಗೆಲ್ಲ ಅಂಗೈಗೆ ಬರುತ್ತಿದ್ದದ್ದು ಕಣಕಕ್ಕೆ ಗುದ್ದಿದಂಥ ಮೆತ್ತನೆಯ ಪೆಟ್ಟು. ಈಗ ಹಗ್ಗ ಝಲ್ಲೆಂದಿತು. ಮೊಣಕೈ ದಾಟಿ ಭುಜದ ತನಕ ಬಂತು. ಇನ್ನೊಂದು ಪೆಟ್ಟು, ಮತ್ತೆ ಝಲ್. ಕೊಳವೆಯ ಬಾಯಿಂದ ದೇವಸ್ಥಾನದ ಗಂಟೆಯಂಥ ಸಣ್ಣ ನಾದ ಮೇಲೆ ಬಂತು. ಅದನ್ನು ಎಲ್ಲರೂ ಕೇಳಿದರು. ಡಬ್ಬಿ ಇಳಿಸಿ ಎತ್ತಿದೆವು. ಅಷ್ಟು ದಿನ ಕೆಂಪಗೆ ಬರುತ್ತಿದ್ದ ಕೆಸರಿನಲ್ಲಿ ಬೂದುಬಣ್ಣದ ಚೂಪಾದ ಕಲ್ಲಿನ ಚೂರುಗಳು. ಕ್ಯುರೇಟರ್ ಅದನ್ನು ಬೊಗಸೆಯಲ್ಲಿ ಹಿಡಿದು ಡೈರೆಕ್ಟರ್ ಆಫೀಸಿಗೆ ಓಡಿದಳು, ದಾರಿಯುದ್ದಕ್ಕೂ ಕಾರ್ಪೆಟ್ ಮೇಲೆ ಕೆಸರು ಚೆಲ್ಲುತ್ತ. ಡೈರೆಕ್ಟರ್ ಬಂದು ತಾವೂ ಬೂಟು ಕಳಚಿ ಕುಣಿಕೆಯಲ್ಲಿ ಕಾಲಿಟ್ಟು ಹತ್ತು ಪೆಟ್ಟು ಒದ್ದರು. ಆಮೇಲೆ ಅವರೇ ಮೋಟಾರನ್ನು ಪೆಟ್ಟಿಗೆಗೆ ವಾಪಸ್ ಹಾಕಿಸಿದರು.

ನನಗೆ ಅಳು ಬಂತು. ತಡೆದುಕೊಳ್ಳಲಿಲ್ಲ. ಅತ್ತೆ ಸೆರಗಿನಿಂದ ನನ್ನ ಮುಖದ ಕೆಸರು ಒರೆಸುತ್ತ, “ಕಲ್ಲ ಸಿಕ್ಕದ್ದಕ್ಕ ಅಳಾಕಿನ್ನ ಇವತ್ತ ನೋಡಿದೆ,” ಎಂದರು.

ಪ್ರದರ್ಶನದ ದಿನಗಳಲ್ಲಿ ಜನ ಸಾಲುಗಟ್ಟಿ ನಿಂತು ಒದ್ದರು. ಬಂಡೆಯೊಳಗೆ ಇನ್ನೂ ಎರಡು ಅಡಿ ಇಳಿಯಿತು. “ಎಣ್ಣೆ ಬರುತ್ತಾ?” ಎಂದು ಎಲ್ಲರೂ ಕೇಳಿದರು. ಈಗ ನನಗೆ ಸ್ವಲ್ಪವೂ ಬೇಸರವಿಲ್ಲ, ಬರಲ್ಲ, ಬರೋದೇ ಇಲ್ಲ ಎಂದು ಹಿಗ್ಗಿನಿಂದ ಹೇಳಿದೆ. ಕೊನೆಯ ದಿನ ಅಜ್ಜ ಹಗ್ಗಕ್ಕೆ ಎಣ್ಣೆ ಸವರಿ ಸುತ್ತಿಟ್ಟು, ಎಲ್ಲರ ಕೈ ಕುಲುಕಿ, ತಮ್ಮೂರಿಗೆ ಹೊರಟರು. ಕೊನೆಯ ಬಾವಿ ಮುಗಿಯಿತು ಎಂದು ಅವರೇ ಅಂದರು. ಚಳಿ ಶುರುವಾಗುವ ಮೊದಲು ಅತ್ತೆಯೂ ಹೋದರು.

ಮರುವರ್ಷ ಏಪ್ರಿಲ್‌ನಲ್ಲಿ ಬೇರೆ ಕೆಲಸಕ್ಕೆ ಆ ಮ್ಯೂಸಿಯಂಗೆ ಹೋದೆ. ಕವೆಗೋಲಿನ ಮೊಳೆಯಲ್ಲಿ ಗರಡಿ ಇರಲಿಲ್ಲ. ಕಳ್ಳತನವಾಯಿತೆಂದು ಸಿಟ್ಟು ನೆತ್ತಿಗೇರಿ ಹತ್ತಿರ ಹೋದರೆ, ಮೊಳೆಗೆ ನೀಲಿ ತಗಡಿನ ಕಪ್ಪು ತೂಗುತ್ತಿತ್ತು.

“ಹೋದ ವಾರ ಬಂದಿದ್ರು,” ಎಂದಳು ಕ್ಯುರೇಟರ್. “ಊರಲ್ಲಿ ಮನೆ ಹಿಂದೆ ಒಂದು ಬಾವಿ ಶುರು ಮಾಡಿದಾರಂತೆ. ಅದರಲ್ಲಿ ಏನೋ ಬಿದ್ದಿದೆಯಂತೆ.”

ನಾನು ಅಲ್ಲಿಂದಲೇ ಅತ್ತೆಯ ಊರಿಗೆ ಫೋನ್ ಹಚ್ಚಿದೆ. ಅತ್ತೆ ಎಲ್ಲವನ್ನೂ ಕೇಳಿಸಿಕೊಂಡು, ನಗುವುದಿರಲಿ, ಆಶ್ಚರ್ಯವನ್ನೂ ಪಡಲಿಲ್ಲ.

“ಆ ಕಪ್ಪ ಅಲ್ಲೇ ಇರಲಿ,” ಎಂದರು. “ಗರಡಿ ಬರೂತನಕ ಯಾರೂ ಮುಟ್ಟಬ್ಯಾಡಂತ ಹೇಳು.”